ಮಾವನ ರೇಡಿಯೋಗೆ ವಾರ್ನಿಷ್ ಹೊಡೆದದ್ದು

ಸುಟ್ಟು ಕರಕಲಾದ ಮೋಟಾರನ್ನು ನನ್ನ ಅಂಗಡಿಗೆ ತಂದವರು ಯಾರೂ ಬರಿಗೈಯಲ್ಲಿ ಹಿಂದಿರುಗಿದ್ದಿಲ್ಲ. ಹೊಳಲ್ಕೆರೆಯಲ್ಲಿ ನನ್ನದೊಂದು ಮೋಟಾರು ವೈಂಡಿಂಗ್ ಅಂಗಡಿಯಿದೆ. ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ತಾಮ್ರದ ತಂತಿ ಹಿಡಿದವನು ನಾನು. ಅತ್ತ ಹೊಸದುರ್ಗ, ಇತ್ತ ಹಿರಿಯೂರು, ನಡುವೆ ಎಲ್ಲೇ ಹೋಗಿ ನಿಂತರೂ ನಾನು ಸುತ್ತಿಕೊಟ್ಟ ಮೋಟಾರೊಂದು ನೀರೆತ್ತುವ ಸದ್ದು ಕೇಳುತ್ತದೆ. ಇದನ್ನು ಜಂಭ ಎನ್ನಬಾರದು, ಮಾಹಿತಿ ಎನ್ನಬೇಕು.

ಇಂಥವನ ಕೈಗೆ ಇಟ್ಟಿಗೆ ಗಾತ್ರದ ರೇಡಿಯೋ ಒಂದು ಬಂದರೆ ಏನಾದೀತು? ಏನೂ ಆಗುವುದಿಲ್ಲವೆಂದೇ ನಾನು ತಿಳಿದಿದ್ದೆ!

ರೇಡಿಯೋ ನನ್ನ ಮಾವನದು. ಮಾವ ಹಿರಿಯೂರು ಕಡೆಯ ಕುರಿಗಾರರು. ಸುಗ್ಗಿ ಮುಗಿದ ಮೇಲೆ ವರ್ಷವೂ ಮಂದೆ ಹೊಡೆದುಕೊಂಡು ನಮ್ಮೂರು ಬಿ.ದುರ್ಗದ ಕಡೆ ಬರುತ್ತಾರೆ. ಖಾಲಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು, ಮಾವನಿಗೆ ಮಗಳ ಕೈಯ ಮುದ್ದೆ. ಅವರ ಕೊರಳಲ್ಲಿ ಟವೆಲ್ಲಿನ ತುಂಡಿಗೆ ಕಟ್ಟಿದ ರೇಡಿಯೋ ಸದಾ ತೂಗುತ್ತಿರುತ್ತದೆ. ಎಂದೋ ಚಿತ್ರದುರ್ಗದ ಸಂತೆಯಲ್ಲಿ ಕೊಂಡ ಪರದೇಶದ ಮಾಲು.

ಅದು ಮಾವನಿಗಿಂತ ಹೆಚ್ಚಾಗಿ ಕುರಿಗಳ ರೇಡಿಯೋ. ಬೆಳಿಗ್ಗೆ ವಾರ್ತೆ ಓದುವವರ ದನಿ ಬಂದರೆ ಮಲಗಿದ ಮಂದೆ ಮೈ ಕೊಡವಿ ಏಳುತ್ತದೆ. ಮಾವ ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಕೋಲು ಎತ್ತುವ ಮಾತೇ ಇಲ್ಲ. ಮರಿಯಾಗಿದ್ದಾಗಿನಿಂದ ಆ ದನಿಯ ಹಿಂದೆಯೇ ನಡೆದು ಬೆಳೆದ ಕುರಿಗಳು ಅವು. ಮೊದಲ ಸಲ ನೋಡಿದಾಗ ನಾನು ಬಾಯಿ ತೆರೆದು ನಿಂತುಬಿಟ್ಟಿದ್ದೆ. ಅಷ್ಟೊಂದು ಕಿವಿಗಳು ಒಂದೇ ದನಿಯ ಕಡೆ ತಿರುಗುವುದನ್ನು ನಾನು ಯಾವ ಭಾಷಣದಲ್ಲೂ ಕಂಡಿಲ್ಲ.

ಈ ಸಲ ಬಂದವರು ರೇಡಿಯೋ ಬಿಚ್ಚಿ ನನ್ನ ಕೈಗಿಟ್ಟರು.

“ಅಳಿಯಂದ್ರೇ, ವಾಲ್ಯೂಮ್ ತಿರುವಿದ್ರೆ ಕರಕರ ಅಂತೈತೆ. ಒಂಚೂರು ಧೂಳು ಒರೆಸಿ ಕೊಡ್ರಿ. ನಾಡಿದ್ದು ಸಂಜೆ ಮಂದೆನ ಟಾರು ರಸ್ತೆ ದಾಟಿಸಿ ರುದ್ರಣ್ಣನ ಹೊಲಕ್ಕೆ ಹೊಡೀಬೇಕು. ಮಾತು ಕೊಟ್ಟೀನಿ. ಲಾರಿ ಓಡಾಡೋ ದಾರಿ, ರೇಡಿಯೋ ಇಲ್ದಿದ್ರೆ ಇವು ಒಂದು ಹೆಜ್ಜೆ ಇಡಲ್ಲ.”

“ಅಯ್ಯೋ, ಅದೇನು ದೊಡ್ಡದು ಮಾವ, ಕೊಡ್ರಿ ಇಲ್ಲಿ,” ಎಂದೆ.

ಧೂಳು ಒರೆಸಿಕೊಡು ಎಂದಿದ್ದರು. ಅಷ್ಟೇ ಎಂದಿದ್ದರು. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಧೂಳು ಒರೆಸಿದ್ದಾಯಿತು, ಕರಕರ ನಿಂತಿತು. ಅಲ್ಲಿಗೆ ಮುಚ್ಚಳ ಮುಚ್ಚಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ ಸ್ವಿಚ್ಚಿನಲ್ಲಿ ಮಾವ ಎಂದೂ ಮುಟ್ಟದ ಮೂರನೆಯ ಮನೆಯೊಂದಿತ್ತು: ಲಾಂಗ್‌ವೇವ್. ತಳ್ಳಿ ನೋಡಿದೆ. ಬರೀ ಸುಯ್ ಎಂಬ ಸದ್ದು. ಇದೇನಿದು ಎಂದು ಫೋನಿನಲ್ಲಿ ಹುಡುಕಿದರೆ, ಬಿಳಿ ಗಡ್ಡದ ಪರದೇಶದವನೊಬ್ಬ ಇಂಥದೇ ಪುಟ್ಟ ರೇಡಿಯೋದ ಆಂಟೆನಾ ಬದಲಿಸಿ, ಸಮುದ್ರದಾಚೆಯ ಸ್ಟೇಷನ್ ಹಿಡಿದು ಮಕ್ಕಳಂತೆ ಚಪ್ಪಾಳೆ ತಟ್ಟುತ್ತಿದ್ದ.

ಆ ವಿಡಿಯೋದಿಂದ ನನಗೆ ತಿಳಿದ ಸಂಗತಿ ನನ್ನನ್ನು ಕುಳಿತಲ್ಲೇ ಅಲುಗಾಡದಂತೆ ಮಾಡಿತು. ಅಲೆ ಎಂದರೆ ನಾನು ಕೆರೆಯಲ್ಲಿ ಕಂಡದ್ದು ಮೊಳ ಉದ್ದದ್ದು. ಈ ಲಾಂಗ್‌ವೇವಿನ ಒಂದೊಂದು ಅಲೆಯೂ ತಲೆಯಿಂದ ಬಾಲಕ್ಕೆ ಕಿಲೋಮೀಟರಿಗಿಂತ ಉದ್ದ! ಅದು ಗುಡ್ಡ ಬಂತೆಂದು ನಿಲ್ಲುವುದಿಲ್ಲ. ನೆಲಕ್ಕೆ ಮೈಯೊತ್ತಿಕೊಂಡು ಹತ್ತಿ ಇಳಿದು ಹರಿದು ಬರುತ್ತದೆ. ಚಿತ್ರದುರ್ಗದ ಕೋಟೆಯೇ ಅಡ್ಡ ಬಂದರೂ ಬಾಗಿಲು ಕೇಳುವುದಿಲ್ಲ. ಅಂಥ ಅಲೆ ಈಗ, ನಾನು ಚಹಾ ಕುಡಿಯುತ್ತಿರುವಾಗ, ನನ್ನ ಲೋಟದೊಳಗಿಂದಲೇ ಹಾದುಹೋಗುತ್ತಿದೆ. ಸ್ವಲ್ಪ ಹೊತ್ತು ಲೋಟ ಅಲುಗಿಸದೆ ಕುಳಿತೆ. ಚಹಾ ಆರಿತು.

ಹಿಡಿಯುವುದಕ್ಕೆ ಬೇಕಾದದ್ದು ಇಷ್ಟೇ ಎಂದ ಗಡ್ಡದವನು: ರೇಡಿಯೋದೊಳಗೆ ಉದ್ದನೆಯ ಆಂಟೆನಾ ಕಡ್ಡಿ, ಅದಕ್ಕೆ ಹೆಚ್ಚು ಸುತ್ತು ತಂತಿ, ಹೊರಗೊಂದು ದೊಡ್ಡ ಚೌಕಟ್ಟಿಗೂ ತಂತಿ. ತಂತಿ! ಸುತ್ತು! ಯಾರಿಗೆ ಹೇಳುತ್ತಿದ್ದಾನೆ ಇವನು?

ರಾತ್ರಿ ಊಟದ ಹೊತ್ತಿಗೆ ರೇಡಿಯೋ ನಡುಮನೆಯಲ್ಲಿ ಅಂಗಾತ ಮಲಗಿತ್ತು. ನನ್ನ ಹೆಂಡತಿ ಸುಶೀಲ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು.

“ರೀ, ಅದು ಅಪ್ಪನ ರೇಡಿಯೋ ಅಲ್ವಾ? ಯಾಕ್ರೀ ಹೊಟ್ಟೆ ಬಗೆದೀರಿ?”

“ಆಂಟೆನಾ ದೊಡ್ಡದು ಮಾಡ್ತಾ ಇದೀನಿ. ಇನ್ಮೇಲೆ ಇದ್ರಾಗೆ ಪರದೇಶ ಬರುತ್ತೆ.”

“ಅಪ್ಪ ಬರ್ಲಿ ಅಂದಿದ್ರಾ?”

“ಅಂದಿಲ್ಲ. ಬಂದ್ರೆ ಬ್ಯಾಡ ಅಂತಾರಾ?”

“ಕುರಿ ಬ್ಯಾಡ ಅಂದ್ರೆ ಏನ್ ಮಾಡ್ತೀರಿ?” ಎಂದಳು. ಹೆಂಗಸರ ಇಂಥ ಪ್ರಶ್ನೆಗಳಿಗೆ ತಾಂತ್ರಿಕ ಉತ್ತರವಿರುವುದಿಲ್ಲ.

ಮರುದಿನ ಅಂಗಡಿಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ರೇಡಿಯೋದೊಳಗೆ ಪೆನ್ಸಿಲ್ಲಿನಷ್ಟು ಉದ್ದದ ಕಪ್ಪು ಕಡ್ಡಿ, ಅದರ ಮೇಲೆ ಕೂದಲಿನಂಥ ತಂತಿಯ ಎರಡು ಸುರುಳಿಗಳು. ಇದನ್ನು ಸುತ್ತಿದವನಿಗೆ ತಂತಿಗೆ ಅಷ್ಟು ಬರಗಾಲವೇ? ನನಗೆ ನಿಜಕ್ಕೂ ಕನಿಕರವಾಯಿತು. ಯಾವ ಸುರುಳಿ ಯಾವುದಕ್ಕೆ ಎಂದು ವಿಚಾರಿಸುವ ಗೋಜಿಗೆ ಹೋಗದೆ ಎರಡನ್ನೂ ಕಿತ್ತು ಬಿಸಾಕಿದೆ. ಗುಜರಿಯಲ್ಲಿದ್ದ ಹಳೇ ರೇಡಿಯೋಗಳಿಂದ ಇನ್ನೆರಡು ಕಡ್ಡಿ ತೆಗೆದು ಅಂಟಿಸಿ ಉದ್ದ ಮಾಡಿದೆ. ಡಬ್ಬಿಯ ಪಕ್ಕಕ್ಕೆ ತೂತು ಕೊರೆದು ಕಡ್ಡಿಯ ಒಂದು ಕೊನೆಯನ್ನು ಹೊರಗೆ ಬಿಟ್ಟೆ. ಆಮೇಲೆ ನನ್ನ ಮೋಟಾರಿನ ತಂತಿ ತೆಗೆದು, ಸುತ್ತಿನ ಪಕ್ಕಕ್ಕೆ ಸುತ್ತು ಹಲ್ಲಿನ ಸಾಲಿನಂತೆ ಕೂರಿಸುತ್ತಾ ಹೋದೆ. ಎಂಥ ಸುರುಳಿ ಅಂತೀರಿ! ನೋಡಿದವರು ಅದಕ್ಕೆ ನಮಸ್ಕಾರ ಹಾಕಬೇಕು.

ಇಲ್ಲಿಯವರೆಗೂ ದೇವರು ನನ್ನ ಕಡೆಗೇ ಇದ್ದ.

ಆದರೆ ವೈಂಡಿಂಗ್ ಕಸುಬಿಗೆ ಅದರದೇ ಸಂಪ್ರದಾಯವುಂಟು. ಸುತ್ತಬೇಕು, ಕಟ್ಟಬೇಕು, ವಾರ್ನಿಷ್ ಕುಡಿಸಬೇಕು, ಶಾಖಕ್ಕಿಟ್ಟು ಬೇಯಿಸಬೇಕು. ಈ ಸಂಸ್ಕಾರಗಳಾಗದ ಒಂದೇ ಒಂದು ಸುರುಳಿಯೂ ನನ್ನ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. ಮಾವನ ರೇಡಿಯೋಗೆ ಮಾತ್ರ ಮೋಸ ಮಾಡಲೇ? ಸ್ವಿಚ್ಚನ್ನು ಲಾಂಗ್‌ವೇವಿಗೆ ತಳ್ಳಿ, ಸುರುಳಿಯನ್ನು ಒಳಗೆ ಕೂರಿಸಿ, ಮೇಲಿಂದ ಧಾರಾಳವಾಗಿ ವಾರ್ನಿಷ್ ಹುಯ್ದೆ. ದೊಡ್ಡ ಬಲ್ಬು ಉರಿಯುವ ಡ್ರಮ್ಮಿನಲ್ಲಿಟ್ಟು ಬೇಯಿಸಿದೆ. ವಾರ್ನಿಷ್ ಹರಿದು ಎಲ್ಲೆಲ್ಲಿಗೆ ಹೋಯಿತೆಂದು ನೋಡಲಿಲ್ಲ. ಮೋಟಾರಿನಲ್ಲಿ ಅದು ಎಲ್ಲಿಗೆ ಹೋದರೂ ಒಳ್ಳೆಯದೇ!

ಇನ್ನು ಹೊರಗಿನ ಚೌಕಟ್ಟು. ಮನೆಯಲ್ಲಿ ಸಂಡಿಗೆ ಒಣಹಾಕುವ ಮಂಚವೊಂದಿತ್ತು. ಅದರ ಹಗ್ಗ ಬಿಚ್ಚಿ ಸುತ್ತಲೂ ತಂತಿ ಬಿಗಿದೆ.

“ಸಂಡಿಗೆ ಎಲ್ಲಿ ಹಾಕ್ಲಿ ಈಗ?” ಎಂದಳು ಸುಶೀಲ.

“ವಿಜ್ಞಾನಕ್ಕೆ ಎರಡು ದಿನ ಕೊಡು.”

“ನಂಗೇನು, ಕೊಡ್ತೀನಿ. ಮಂಚಕ್ಕೆ ಹೇಳ್ರಿ.”

ಮಂಚದ ನಡುವೆ ರೇಡಿಯೋ ಇಟ್ಟು ಚಾಲೂ ಮಾಡಿದೆ. ಗುಂಯ್ಯ್! ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ವಿಡಿಯೋದವನು ಇದನ್ನೂ ಹೇಳಿದ್ದ: ಮನೆಯ ಕರೆಂಟಿನ ಸಾಮಾನುಗಳೇ ಲಾಂಗ್‌ವೇವಿನ ಶತ್ರುಗಳು. ಬಲ್ಬು ಆರಿಸಿದೆ, ಗುಂಯ್ ಸ್ವಲ್ಪ ಇಳಿಯಿತು. ಟಿ.ವಿ. ಡಬ್ಬಿ ಕಿತ್ತೆ, ಇನ್ನಷ್ಟು ಇಳಿಯಿತು. ಚಾರ್ಜರು, ಫ್ರಿಜ್ಜು, ಒಂದೊಂದನ್ನೇ ಮುಗಿಸುತ್ತಾ ಬಂದು ಕೊನೆಗೆ ಮೈನ್ ಎಳೆದೇಬಿಟ್ಟೆ. ಮಿಕ್ಸಿ ನಿಂತಿತು. ಚಟ್ನಿ ಅರ್ಧಕ್ಕೆ ನಿಂತಿತು. ಸುಶೀಲ ನಿಲ್ಲಲಿಲ್ಲ.

ಅವಳು ಅಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನಗದು ಪೂರ್ತಿ ಕೇಳಿಸಲೂ ಇಲ್ಲ, ಏಕೆಂದರೆ ನಾನು ಬೆರಗಾಗಿ ಕುಳಿತಿದ್ದೆ. ನಾವು ನಿಶ್ಶಬ್ದವೆಂದುಕೊಂಡ ಮನೆಯಲ್ಲಿ ಗೋಡೆಯ ಬಲ್ಬಿನಿಂದ ಹಿಡಿದು ಪ್ರತಿಯೊಂದು ವಸ್ತುವೂ ಹಗಲಿರುಳು ತನ್ನಷ್ಟಕ್ಕೆ ಗುನುಗುತ್ತಿತ್ತಲ್ಲ! ಇಷ್ಟು ವರ್ಷ ಇವುಗಳ ಜೊತೆ ಬಾಳಿದ್ದೇನೆ, ಒಂದರ ದನಿಯೂ ಗೊತ್ತಿರಲಿಲ್ಲ.

ಆದರೂ ಅಕ್ಕಪಕ್ಕದ ಮನೆಗಳ ಗುಂಯ್ ಉಳಿದೇ ಇತ್ತು. ಬಯಲೇ ಬೇಕು. ಸಂಜೆ ಮೊಪೆಡ್ಡಿನ ಮೇಲೆ ನಾನು, ಹಿಂದೆ ಮಂಚ ಹಿಡಿದ ಸುಶೀಲ, ಅವಳ ಮಡಿಲಲ್ಲಿ ರೇಡಿಯೋ, ಹೀಗೆ ಮೆರವಣಿಗೆ ಹೊರಟಿತು. “ಏನಪ್ಪ ತಿಪ್ಪೇಸ್ವಾಮಿ, ಮನೆ ಖಾಲಿ ಮಾಡಿದ್ರಾ?” ಎಂದು ದಾರಿಯುದ್ದಕ್ಕೂ ಕೇಳಿದರು.

ಮಾವ ಮಂದೆ ನಿಲ್ಲಿಸಿದ್ದ ಹೊಲದ ಆಚೆ ಬದಿಗೆ ರುದ್ರಣ್ಣನ ದಾಳಿಂಬೆ ತೋಟ. ರುದ್ರಣ್ಣ ನನಗಿಂತ ಹಿರಿಯ, ಬಾಲ್ಯದಿಂದ ನನ್ನನ್ನು ಬಲ್ಲವನು, ಆದ್ದರಿಂದ ಮರ್ಯಾದೆ ಕೊಡುವುದಿಲ್ಲ. ನಾಳೆ ಮಂದೆ ಹೋಗಬೇಕಾದದ್ದು ರಸ್ತೆಯಾಚೆಯ ಅವನ ಇನ್ನೊಂದು ಹೊಲಕ್ಕೆ. ಅದನ್ನೇ ಮಾತಾಡಲು ಅವನೂ ಬಂದು ಬದುವಿನ ಮೇಲೆ ಕುಂತಿದ್ದ.

“ಬರ್ರಿ ಅಳಿಯಂದ್ರೇ, ಕುಂತ್ಕಳ್ರಿ,” ಎಂದ ಮಾವ ಮಂಚವನ್ನು ನೋಡಿ, “ಮಲಗಾಕೆ ಬಂದ್ರಾ?” ಎಂದರು.

ನಾನು ಮಂಚವನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿದೆ. ಹೊತ್ತು ಮುಳುಗುತ್ತಿತ್ತು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಕುರಿಗಳು ಒಂದರ ಬೆನ್ನಿಗೆ ಒಂದು ತಲೆಯಿಟ್ಟು ಮಲಗುವ ತಯಾರಿಯಲ್ಲಿದ್ದವು. ನಾನು ಗಂಟಲು ಸರಿಮಾಡಿಕೊಂಡು, ಲಾಂಗ್‌ವೇವ್ ಎಂದರೇನು, ಅದು ಎಷ್ಟು ಉದ್ದ ಎಂದು ಸಭೆಗೆ ವಿವರಿಸಿ, ರೇಡಿಯೋ ಚಾಲೂ ಮಾಡಿದೆ.

ಗುಂಯ್ ಇಲ್ಲ! ಶುದ್ಧ ಬಯಲು. ಅದರ ನಡುವಿನಿಂದ ಸ್ಪಷ್ಟವಾಗಿ ಬಂತು: ಟಕ್... ಟಕ್... ಟಕ್...

ಮೈಮೇಲೆ ಮುಳ್ಳೆದ್ದಿತು.

“ಇದು ಪರದೇಶದ ಗಡಿಯಾರದ ಸ್ಟೇಷನ್ನು!” ಎಂದೆ. “ಲೋಕಕ್ಕೆಲ್ಲಾ ಟೈಮು ಕೊಡುತ್ತೆ. ವಿಡಿಯೋದಾಗೆ ಹೇಳಿದ್ರು!”

ಮಾವ ಪೇಟ ತೆಗೆದರು. ರುದ್ರಣ್ಣ ಫೋನು ತೆಗೆದು ಅದರ ಗಡಿಯಾರಕ್ಕೆ ಟಕ್ ಟಕ್ ಹೋಲಿಸಿ ನೋಡಿದ.

“ಲೇ ತಿಪ್ಪೇಶಿ, ಇದು ಸೆಕೆಂಡಿಗಿಂತ ಒಂಚೂರು ನಿಧಾನ ಐತಲ್ಲೋ.”

“ಅಷ್ಟು ದೂರದಿಂದ ಬರ್ಬೇಕಲ್ಲ ರುದ್ರಣ್ಣ, ದಣಿದಿರುತ್ತೆ!”

ಈ ಉತ್ತರಕ್ಕೆ ಅವನೂ ತಲೆದೂಗಿದ. ನನಗೆ ಇನ್ನಷ್ಟು ಉತ್ಸಾಹ ಬಂತು. ದನಿ ಏರಿಸಿದೆ. ಟಕ್! ಟಕ್! ಟಕ್!

ಮಂದೆಯಲ್ಲಿ ಒಂದು ಕಿವಿ ಎದ್ದಿತು. ಆಮೇಲೆ ಎಲ್ಲ ಕಿವಿಗಳೂ ಎದ್ದವು. ಮರುಕ್ಷಣ ಇಡೀ ಮಂದೆ ನೆಲದಿಂದ ಚಿಮ್ಮಿ, ಸುತ್ತ ಕಟ್ಟಿದ್ದ ಬಲೆ ಕಿತ್ತುಕೊಂಡು ಹೊಲದ ತುಂಬ ಚೆಲ್ಲಾಪಿಲ್ಲಿಯಾಗಿ ಓಡತೊಡಗಿತು!

“ರೇಡಿಯೋ ಜೋರಾಗಿ ಹಾಕ್ರಿ ಅಳಿಯಂದ್ರೇ, ಬರ್ತವೆ!” ಎಂದು ಮಾವ ಕೂಗಿದರು.

ಜೋರಾಗಿ ಹಾಕಿದೆ. ಕುರಿಗಳೂ ಜೋರಾಗಿ ಓಡಿದವು!

“ಅದಲ್ರೀ, ನಮ್ಮ ಸ್ಟೇಷನ್ ಹಾಕ್ರಿ, ನಮ್ಮ ಸ್ಟೇಷನ್ನು!”

ಸ್ಟೇಷನ್ನಿನ ಗುಂಡಿ ತಿರುವಿದೆ. ತಿರುಗಲಿಲ್ಲ. ಸ್ವಿಚ್ಚು ತಳ್ಳಿದೆ. ಕದಲಲಿಲ್ಲ. ಆಗ ಹೊಳೆಯಿತು, ವಾರ್ನಿಷ್ ಎಲ್ಲೆಲ್ಲಿಗೆ ಹೋಗಿತ್ತೆಂದು. ಸ್ಟೇಷನ್ ತಿರುಗಿಸುವ ಭಾಗ, ಸ್ವಿಚ್ಚು, ದನಿಯ ಗುಂಡಿಯೊಂದನ್ನು ಬಿಟ್ಟು ಒಳಗಿನದೆಲ್ಲವೂ ನನ್ನ ಶಾಸ್ತ್ರೋಕ್ತ ಬೇಯಿಸುವಿಕೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದವು. ಆ ರೇಡಿಯೋ ಇನ್ನು ಈ ಜನ್ಮದಲ್ಲಿ ಜಾಗ ಬದಲಿಸುವಂತಿರಲಿಲ್ಲ.

ಅಷ್ಟರಲ್ಲಿ ರುದ್ರಣ್ಣ ತನ್ನ ತೋಟದ ಮೂಲೆಯ ಕಡೆ ಕಿವಿಯಾನಿಸಿ ನಿಂತಿದ್ದ. ಕಾಡುಹಂದಿ ನುಗ್ಗದಿರಲೆಂದು ಅವನು ತೋಟಕ್ಕೆ ಝಟ್ಕಾ ಬೇಲಿ ಹಾಕಿಸಿದ್ದಾನೆ, ಸೋಲಾರಿನದು. ಬೇಲಿಗೆ ಕರೆಂಟು ಬಿಡುವ ಡಬ್ಬಿ ಅಲ್ಲೇ ಕಂಬದ ಮೇಲಿದೆ. ಅವನು ಹೋಗಿ ಅದನ್ನು ಆರಿಸಿದ. ರೇಡಿಯೋದ ಟಕ್ ಟಕ್ ನಿಂತುಹೋಯಿತು. ಮತ್ತೆ ಹಾಕಿದ. ಟಕ್. ಮತ್ತೆ ಆರಿಸಿ ಅಲ್ಲಿಂದಲೇ ಕೂಗಿದ:

“ಲೇ ತಿಪ್ಪೇಶಿ! ನಿನ್ನ ಪರದೇಶ ನನ್ನ ತೋಟದಾಗೈತೆ ಕಣೋ!”

ಬಂದ ಮೊದಲ ದಿನವೇ ಮಾವನ ಕುರಿಗಳು ಆ ಬೇಲಿಗೆ ಮೂತಿಯಿಟ್ಟು ಏಟು ತಿಂದಿದ್ದವಂತೆ. ಆ ಡಬ್ಬಿಯ ಟಕ್ ಎಂಬ ಸದ್ದು ಅಂದೇ ಅವುಗಳ ತಲೆಯಲ್ಲಿ ಕೂತಿತ್ತು. ಅದೇ ಸದ್ದು ಈಗ ತಾವು ನಂಬಿದ ರೇಡಿಯೋದ ಬಾಯಿಂದಲೇ ಬಂದರೆ ಪಾಪ ಅವೇನು ಮಾಡಬೇಕು? ನಾನಾಗಿದ್ದರೂ ಓಡುತ್ತಿದ್ದೆ. ನಿಜ ಹೇಳಬೇಕೆಂದರೆ, ಆಗಲೂ ಓಡಬೇಕೆನಿಸಿತ್ತು.

ರೇಡಿಯೋ ಆರಿಸಲು ಬಗ್ಗಿದೆ. ಬಗ್ಗಿದವನು ಹಾಗೇ ಉಳಿದೆ.

ಬೇಲಿ ಸತ್ತ ಮೇಲೆ ಉಳಿದ ನಿಶ್ಶಬ್ದದ ತಳದಲ್ಲಿ ಏನೋ ಇತ್ತು. ತೀರಾ ಸಣ್ಣದು. ಕೊಳಲಿನ ಒಂದೇ ಸ್ವರವನ್ನು ಯಾರೋ ತುಂಡು ತುಂಡು ಮಾಡಿ ಊದಿದಂತೆ: ಒಂದು ಗಿಡ್ಡ, ಒಂದು ಉದ್ದ, ಮತ್ತೆ ಗಿಡ್ಡ. ಆಮೇಲೆ ಬಿಡುವು. ಮತ್ತೆ ಅದೇ. ಮತ್ತೆ ಅದೇ. ರುದ್ರಣ್ಣ ತೋಟದ ಎಲ್ಲ ಸ್ವಿಚ್ಚು ಆರಿಸಿದ, ಅದು ನಿಲ್ಲಲಿಲ್ಲ. ಮಂಚವನ್ನು ತಿರುಗಿಸಿದರೆ ಮಾಯವಾಗುತ್ತಿತ್ತು, ಪಡುವಣಕ್ಕೆ ಮುಖ ಮಾಡಿದರೆ ಮತ್ತೆ ಬರುತ್ತಿತ್ತು. ಅದು ಈ ಹೊಲದ್ದಲ್ಲ. ಈ ಹೋಬಳಿಯದ್ದೂ ಅಲ್ಲ. ಗುಡ್ಡಗಳನ್ನು ಹತ್ತಿ ಇಳಿದು, ನನ್ನ ಕೈಯ ತಾಮ್ರಕ್ಕೆ ಬಂದು ತಾಗುತ್ತಿತ್ತು.

ಸುಶೀಲ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕುಳಿತಳು. ಆಗಷ್ಟೇ ಓಡಿ ದಣಿದ ಕುರಿಗಳು ಅಲ್ಲಲ್ಲೇ ನಿಂತು ಇತ್ತ ನೋಡುತ್ತಿದ್ದವು.

ಮಾವ ಬಹಳ ಹೊತ್ತು ಕೇಳಿ ಮೆಲ್ಲಗೆ ಅಂದರು: “ಯಾರೋ ಯಾರ್ನೋ ಕರೀತಾ ಅವ್ರೆ. ಮಂದೆ ಕರೆಯೋರು ಹಂಗೇ ಕರೆಯೋದು. ಬರೋವರ್ಗೂ ನಿಲ್ಸಲ್ಲ.”

ನನ್ನ ಕಣ್ಣು ಯಾಕೋ ತೇವವಾಯಿತು. ಅದನ್ನು ವಾರ್ನಿಷ್ ವಾಸನೆಯ ಮೇಲೆ ಹಾಕಿದೆ.

ಆದರೆ ಕುರಿಗಳು ಆ ಕರೆಗೆ ಬರಲಿಲ್ಲ. ನಾವು ನಾಲ್ವರೂ ಮಂದೆಯ ನಾಯಿಗಳೂ ಹೊಲದ ತುಂಬ ಓಡಾಡಿ ಒಂದೊಂದನ್ನೇ ಅಪ್ಪಿ ತಂದು ಬಲೆಯೊಳಗೆ ಬಿಟ್ಟೆವು. ಮಾವ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಾಳೆ ಸಂಜೆ ಹೊತ್ಗೆ ಸರಿ ಆಗುತ್ತಾ?” ಎಂದರು, ಅಷ್ಟೇ.

ಬೆಳಗಿನ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಓಡಿದೆ. ಅಲ್ಲಿಯ ಹಳೆಯ ರೇಡಿಯೋ ಮೆಕ್ಯಾನಿಕ್ ಮುಚ್ಚಳ ತೆಗೆದು, ಒಳಗೆ ನೋಡಿ, ಕನ್ನಡಕ ಒರೆಸಿ, ಇನ್ನೊಮ್ಮೆ ನೋಡಿದರು.

“ಇದನ್ನ ಬೋರಿಗೆ ಇಳಿಸಿದ್ರೂ ಏನೂ ಆಗಲ್ಲ ಬಿಡ್ರಿ. ಅಷ್ಟು ಭದ್ರ ಐತೆ. ನಮ್ಮ ವಾರ್ತೆ ಹಿಡಿಯೋ ಮೀಡಿಯಂ ವೇವ್ ಸುರುಳಿ ಎಲ್ರಿ?”

“ತೀರಾ ಸಣ್ಣ ತಂತಿ ಇತ್ತು. ಬಿಸಾಕ್ದೆ.”

ಅವರು ಮುಚ್ಚಳ ಮುಚ್ಚಿದರು. ಇನ್ನೊಂದು ಸೆಟ್ಟು ತರಿಸಲು ವಾರವಾದರೂ ಬೇಕೆಂದರು. ನಾನು ಆ ಕೊಳಲಿನ ಸದ್ದಿನ ಬಗ್ಗೆ ಹೇಳಿದಾಗ ಮಾತ್ರ ಅವರ ಮುಖ ಅರಳಿತು. ಅದು ಯಾವುದೋ ದೂರದ ವಿಮಾನ ನಿಲ್ದಾಣದ ಗುರುತಿನ ಸದ್ದಂತೆ. ತನ್ನ ಹೆಸರಿನ ಅಕ್ಷರಗಳನ್ನೇ ಗಿಡ್ಡ ಉದ್ದ ಮಾಡಿ ಸದಾ ಕೂಗುತ್ತಿರುತ್ತದಂತೆ, ಆಕಾಶದಲ್ಲಿರುವವರಿಗೆ ದಾರಿ ತಪ್ಪದಿರಲೆಂದು. ಮಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು! ಬಸ್ಸಿನಲ್ಲಿ ಕೂತು ಆ ಸತ್ತ ರೇಡಿಯೋವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಹೆಮ್ಮೆಯೂ ಆಗುತ್ತಿತ್ತು, ಮಾವನಿಗೆ ಮುಖ ತೋರಿಸುವುದು ಹೇಗೆಂಬ ಚಿಂತೆಯೂ ಆಗುತ್ತಿತ್ತು.

ಸಂಜೆಯಾಯಿತು. ಮಂದೆ ಟಾರು ರಸ್ತೆಯ ಈಚೆಗೆ, ಆಚೆಗೆ ಗೇಟು ತೆರೆದು ನಿಂತ ರುದ್ರಣ್ಣ. ಕುರಿಗಳು ಅಲುಗಲಿಲ್ಲ. ಮಾವ ಸಿಳ್ಳೆ ಹಾಕಿದರು, ಕೋಲು ಬೀಸಿದರು. ಮಂದೆ ನಿಂತಲ್ಲೇ ಗಾಣದಂತೆ ಒಂದು ಸುತ್ತು ತಿರುಗಿ ಮತ್ತೆ ನಿಂತಿತು. ನನ್ನ ಫೋನಿನಲ್ಲಿ ವಾರ್ತೆ ಹಾಕಿದೆ. ಕಿವಿಗಳೆದ್ದವು! ನಾಲ್ಕು ಹೆಜ್ಜೆ ಬಂದವು! ಅಷ್ಟರಲ್ಲಿ ವಾರ್ತೆ ನಿಂತು ಬನಿಯನ್ನಿನ ಜಾಹೀರಾತು ಅಬ್ಬರಿಸಿತು. ಎಲ್ಲವೂ ವಾಪಸ್ಸು.

“ರೀ, ನೀವೇ ಓದ್ರಿ ವಾರ್ತೆನ,” ಎಂದಳು ಸುಶೀಲ.

“ನಾನಾ?”

“ಇನ್ಯಾರು? ಸ್ಟೇಷನ್ ಮುಚ್ಚಿಸಿದೋರು ನೀವು.”

ಬೇರೆ ದಾರಿಯಿರಲಿಲ್ಲ. ಮಂದೆಯ ಮುಂದೆ ನಿಂತು, ಎದೆಯಿಂದ ದನಿ ತೆಗೆದೆ. “ವಾರ್ತೆಗಳು. ಓದುತ್ತಿರುವವರು ತಿಪ್ಪೇಸ್ವಾಮಿ.” ಮುಂದಿನ ಕುರಿ ತಲೆಯೆತ್ತಿತು. “ಜಿಲ್ಲೆಯಾದ್ಯಂತ ಒಣ ಹವೆ ಮುಂದುವರಿಯಲಿದೆ.” ಅದು ಒಂದು ಹೆಜ್ಜೆ ಇಟ್ಟಿತು. ನಾನು ಹಿಮ್ಮುಖವಾಗಿ ರಸ್ತೆಗಿಳಿದೆ. ನನಗೆ ಗೊತ್ತಿದ್ದ ಸುದ್ದಿಯೆಲ್ಲ ಮೋಟಾರಿನದೇ. “ಹೊಳಲ್ಕೆರೆ ತಾಲ್ಲೂಕಿನ ವಿವಿಧೆಡೆ ಮೋಟಾರುಗಳು ಸುಟ್ಟಿದ್ದು, ವೈಂಡಿಂಗ್ ಕಾರ್ಯ ಭರದಿಂದ ಸಾಗಿದೆ. ರೈತರು ಆತಂಕ ಪಡಬಾರದೆಂದು ಕೋರಲಾಗಿದೆ.”

ಮಂದೆ ಬಂತು! ಇಡೀ ಮಂದೆ, ಒಂದೇ ಮೈಯಂತೆ, ನನ್ನ ದನಿಯ ಹಿಂದೆ. ಎರಡೂ ಕಡೆ ಲಾರಿಗಳು ನಿಂತವು. ಒಬ್ಬ ಡ್ರೈವರು ಇಂಜಿನ್ ಆರಿಸಿ ಕಿವಿಗೊಟ್ಟ. ಅಷ್ಟು ಜೊತೆ ಕಣ್ಣುಗಳು ನನ್ನನ್ನೇ ನಂಬಿ ನೋಡುತ್ತಿದ್ದವು. ರಸ್ತೆಯ ನಟ್ಟನಡುವೆ ನನ್ನ ಸುದ್ದಿಯೆಲ್ಲ ಮುಗಿದುಹೋಯಿತು.

ನಾನು ನಿಂತೆ. ಮಂದೆಯೂ ನಿಂತಿತು. ಹಿಂದೆ ಬಸ್ಸೊಂದು ಬಂದು ಹಾರನ್ ಒತ್ತಿತು.

“ನಿಲ್ಲಿಸಬ್ಯಾಡ್ರಿ! ಏನಾರ ಓದ್ರಿ!” ಎಂದು ಸುಶೀಲ ಕೂಗಿದಳು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

ಆಗ ಮಾವ ಸರಸರನೆ ಬಂದವರೇ ನನ್ನ ಬೆನ್ನಿಗೆ ಅಂಗೈ ಚಾಚಿ ಎರಡು ಏಟು ಬಿಗಿದರು. ನಿಂತುಹೋದ ರೇಡಿಯೋ ಪೆಟ್ಟಿಗೆಗೆ ಎಲ್ಲರೂ ಬಿಗಿಯುವಂಥ ಏಟು.

“ಹವಾಮಾನ ವರದಿ!” ಎಂದು ನನ್ನ ಬಾಯಿಂದ ತಾನಾಗಿಯೇ ಹೊರಟಿತು. ಆಚೆ ದಡ ಸೇರುವವರೆಗೆ ಅದು ನಿಲ್ಲಲಿಲ್ಲ.

ಗೇಟು ಹಾಕುತ್ತಾ ರುದ್ರಣ್ಣ, “ಹೆಂಗೈತೆ ಹೊಸ ರೇಡಿಯೋ?” ಎಂದು ಮಾವನನ್ನು ಕೇಳಿದ.

ಮಾವ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

“ಸೆಟ್ಟು ಗಟ್ಟಿ ಐತೆ. ಏಟು ಬಿದ್ರೆ ಮಾತಾಡುತ್ತೆ.”